ಅಂಗಳ ನೋಡಿ ಆಟ ತನ್ನಿ

[ದೃಶ್ಯ: ಚಿರೆಕಲ್ಲಿನ ಪಾಗಾರ, ಕೆಂಪು ಅಂಗಳ. ಜಗಲಿಯ ಬುಡದಲ್ಲಿ ಒಂದು ಟೆನಿಸ್ ಚೆಂಡು.]

ಚೆಂಡನ್ನು ನೆಲಕ್ಕಿಟ್ಟು ಕೈಬಿಡಿ. ನೋಡಿ, ತನ್ನಷ್ಟಕ್ಕೇ ದಣಪೆ ಬಾಗಿಲ ಕಡೆ ಹೊರಟಿತು. ಮಳೆನೀರು ಜಗಲಿಗೆ ಬರಬಾರದು ಅಂತ ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ದೊಡ್ಡವರು ಮನೆ ಅಂಗಳದಲ್ಲೇ ಆಡೋದಕ್ಕೆ ಯಾವ ಆಟ ತರಲಿ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಕ್ರೋಕೆ ಬೇಡ. ಅದರಲ್ಲಿ ಮರದ ಸುತ್ತಿಗೆಯಿಂದ ಹೊಡೆದ ಚೆಂಡು ಉರುಳಿಕೊಂಡೇ ನೆಲಕ್ಕೆ ಊರಿದ ಕಮಾನಿನೊಳಗೆ ನುಗ್ಗಬೇಕು. ಅದಕ್ಕೆ ಮಟ್ಟಸ ನೆಲ, ಗಿಡ್ಡ ಹುಲ್ಲು ಬೇಕು. ಪೂರ್ಣ ಅಂಕಣ 32 ಮೀಟರ್ ಉದ್ದ, 25.6 ಮೀಟರ್ ಅಗಲ. ನಮ್ಮ ಕಡೆ ಅಷ್ಟು ಮಟ್ಟಸ ಜಾಗ ಇದ್ದವರು ಅಲ್ಲಿ ಗದ್ದೆ ಮಾಡಿರುತ್ತಾರೆ.

[ದೃಶ್ಯ: ಕಾರವಾರ, ಸಂಜೆ. ಬಾಗುತ್ತಿರುವ ತೆಂಗಿನ ಗರಿಗಳು.]

ಕರಾವಳಿಯವರಿಗೆ ಶತ್ರು ಗಾಳಿ. ಶಟಲ್ ಕಾಕ್ ತೂಗುವುದು ಹೆಚ್ಚೆಂದರೆ ಐದೂವರೆ ಗ್ರಾಂ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದರೆ ಅದು ಪಕ್ಕದ ಮನೆ ಹಿತ್ತಿಲಿಗೇ. ಬ್ಯಾಡ್ಮಿಂಟನ್ನೇ ಬೇಕೆಂದರೆ ಬೆಳಿಗ್ಗೆ ಬೇಗ ಆಡಿ. ನೆಟ್ಟನ್ನು ಗಾಳಿಗೆ ಅಡ್ಡವಾಗಿ ಕಟ್ಟಿ, ಗೇಮಿನ ನಡುವೆ ಬದಿ ಬದಲಿಸಿ. ಗಾಳಿ ಪಕ್ಕದಿಂದ ಬೀಸಿದರೆ ಯಾರಿಗೂ ಆಟವಿಲ್ಲ. ತೆಂಗಿನ ಮರದ ಬುಡದಲ್ಲಿ ಅಂಕಣ ಹಾಕಬೇಡಿ, ಕಾರಣ ತಲೆ ಮೇಲೇ ಇದೆ.

[ದೃಶ್ಯ: ಕೈಯಲ್ಲಿ ಉಕ್ಕಿನ ಗುಂಡು, ಪಕ್ಕದಲ್ಲಿ ಚಿಕ್ಕ ಮರದ ಗೋಲಿ.]

ಇಳಿಜಾರು, ಗಾಳಿ ಎರಡನ್ನೂ ಸಹಿಸುವ ಆಟ ಪೆಟಾಂಕ್. ದಕ್ಷಿಣ ಫ್ರಾನ್ಸಿನದು. ಸ್ಪರ್ಧೆಯ ಗುಂಡು 650ರಿಂದ 800 ಗ್ರಾಂ, ಗಾಳಿಗೆ ಜಗ್ಗುವುದಿಲ್ಲ. ನೆಲದ ಏರುತಗ್ಗು ಇಲ್ಲಿ ಆಟದ ಭಾಗ, ಇಳಿಜಾರನ್ನು ಓದಿದವರೇ ಗೆಲ್ಲುವುದು.

ಆಡುವ ಕ್ರಮ ಇಷ್ಟೇ. ಒಂದು ಮೊಳದಷ್ಟು ಅಗಲದ ವೃತ್ತ ಗೀಚಿ, ಎರಡೂ ಪಾದ ಒಳಗಿಟ್ಟು ನಿಂತು, 30 ಮಿಲಿಮೀಟರಿನ ಗೋಲಿಯನ್ನು 6ರಿಂದ 10 ಮೀಟರ್ ದೂರಕ್ಕೆ ಎಸೆಯಿರಿ. ಆಮೇಲೆ ಗುಂಡುಗಳನ್ನು ಅದರ ಹತ್ತಿರಕ್ಕೆ ಹಾಕುವುದು. ಇಬ್ಬರೇ ಇದ್ದರೆ ತಲಾ ಮೂರು. ಯಾರ ಗುಂಡು ಗೋಲಿಯಿಂದ ದೂರವೋ ಅವರೇ ಮುಂದಿನದನ್ನು ಎಸೆಯಬೇಕು. ಸುತ್ತು ಮುಗಿದಾಗ, ಎದುರಾಳಿಯ ಅತಿ ಹತ್ತಿರದ ಗುಂಡಿಗಿಂತ ಒಳಗೆ ನಿಮ್ಮವು ಎಷ್ಟಿವೆಯೋ ಅಷ್ಟು ಅಂಕ. 13ಕ್ಕೆ ಆಟ.

ಅಂಗೈ ನೆಲದ ಕಡೆ ತಿರುಗಿರಲಿ. ಬಿಡುವಾಗ ಗುಂಡು ಹಿಮ್ಮುಖವಾಗಿ ಸುತ್ತಿ, ಬಿದ್ದಲ್ಲಿಂದ ಜಾಸ್ತಿ ಓಡುವುದಿಲ್ಲ. ಹೊಸಬರು ಅಂಗೈ ಮೇಲೆ ಮಾಡಿ ಎಸೆಯುತ್ತಾರೆ, ಅದು ದರೆವರೆಗೂ ಉರುಳುತ್ತದೆ.

ಎಲ್ಲಿ ಕೆಡುತ್ತದೆ? ಸಗಣಿ ಸಾರಿಸಿದ ಅಂಗಳದಲ್ಲಿ. ಒಂದೊಂದು ಗುಂಡಿಗೂ ಒಂದೊಂದು ಕುಳಿ, ಅಡಿಕೆ ಹರಡುವಾಗ ಮನೆಯಲ್ಲಿ ಬೈಗುಳ ಕೇಳಬೇಕಾದೀತು. ಸಿಮೆಂಟಿನ ಮೇಲೆ ಪುಟಿದು ಕಾಲಿಗೆ ಬರುತ್ತದೆ. ಪಕ್ಕದಲ್ಲಿ 12 ಮೀಟರ್ ಉದ್ದ, 3 ಮೀಟರ್ ಅಗಲದ ಗಟ್ಟಿ ಮಣ್ಣಿನ ಪಟ್ಟಿ ಹುಡುಕಿ, ಚಿರೆಕಲ್ಲಿನ ಹರಳನ್ನು ತೆಳ್ಳಗೆ ಉದುರಿಸಿ. ದಪ್ಪ ಹಾಕಿದರೆ ಗುಂಡು ಹೂತುಹೋಗುತ್ತದೆ. ಅಂಚಿಗೆ ಅಡಿಕೆ ದಬ್ಬೆ ಸಾಕು. ಕಾರವಾರದ ಉಪ್ಪು ಗಾಳಿಗೆ ಸಾದಾ ಉಕ್ಕು ತುಕ್ಕು ಹಿಡಿಯುತ್ತದೆ, ಆಡಿದ ಮೇಲೆ ಒರೆಸಿ ಹೊಲಿಗೆ ಮೆಷಿನ್ ಎಣ್ಣೆ ಸವರಿ. ಸೊಂಟ ನೋವಿನವರಿಗೆ, ದಾರಕ್ಕೆ ಕಟ್ಟಿದ ಅಯಸ್ಕಾಂತ ಇಳಿಬಿಟ್ಟು ಗುಂಡು ಎತ್ತುವ ಉಪಾಯ ಇದೆ.

[ದೃಶ್ಯ: ಇಳಿಜಾರು ಹಲಗೆ, ಅದರಲ್ಲಿ ದುಂಡು ತೂತು.]

ಅಂಗಳ ಪೂರ್ತಿ ಸಿಮೆಂಟಾ? ಹಾಗಾದರೆ ಕಾರ್ನ್‌ಹೋಲ್, ತೂತಿರುವ ಇಳಿಜಾರು ಹಲಗೆಗೆ ಚೀಲ ಎಸೆಯುವ ಆಟ. ಇದನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. 4 ಅಡಿಗೆ 2 ಅಡಿಯ ಎರಡು ಹಲಗೆ, ತಲಾ 6 ಇಂಚು ವ್ಯಾಸದ ತೂತು. ತೂತಿನ ನಡುಬಿಂದು ಮೇಲಿನ ಅಂಚಿನಿಂದ 9 ಇಂಚು. ಹಲಗೆಯ ಹಿಂಬದಿ ನೆಲದಿಂದ ಒಂದಡಿ ಎತ್ತರ, ಮುಂಬದಿ ಸುಮಾರು 4 ಇಂಚು. ಸಾಮಾನ್ಯ ಪ್ಲೈವುಡ್ ಒಂದೇ ಮಳೆಗಾಲಕ್ಕೆ ಪದರ ಬಿಡುತ್ತದೆ. ಮೇಲೆ ಐಎಸ್ 710 ಎಂಬ ಮುದ್ರೆ ಇರುವ ಮರೀನ್ ಪ್ಲೈ ಕೇಳಿ. ಹಲಗೆಗಳ ಮುಂದಿನ ಅಂಚುಗಳ ನಡುವೆ 27 ಅಡಿ ಇರಬೇಕು, ಜಾಗ ಇಲ್ಲದಿದ್ದರೆ ಕಡಿಮೆ ಮಾಡಿಕೊಳ್ಳಿ.

6 ಇಂಚಿನ ಚೌಕ ಚೀಲ ಎಂಟು ಬೇಕು, ಒಂದೊಂದು ಸುಮಾರು 450 ಗ್ರಾಂ. ಜೋಳ, ಅಕ್ಕಿ ತುಂಬಿದರೆ ಆಷಾಢದೊಳಗೆ ಹುಳ, ಬೂಷ್ಟು, ಆಮೇಲೆ ಇಲಿ. ಕಡಲ ಮರಳಾದರೆ ಉಪ್ಪಿನಿಂದ ತೇವ ಎಳೆದು ಗಟ್ಟಿಯಾಗುತ್ತದೆ. ಹೊಳೆ ಮರಳನ್ನು ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ, ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ, ಕ್ಯಾನ್ವಾಸ್ ಚೀಲದೊಳಗಿಟ್ಟು ಎರಡು ಸಾಲು ಹೊಲಿಗೆ ಹಾಕಿ.

ತೂತಿನೊಳಗೆ ಬಿದ್ದರೆ 3, ಹಲಗೆ ಮೇಲೆ ನಿಂತರೆ 1. ಎರಡೂ ಬದಿಯ ಅಂಕ ಕಳೆದು ಉಳಿದದ್ದು ಮಾತ್ರ ಲೆಕ್ಕಕ್ಕೆ, 21ಕ್ಕೆ ಆಟ ಮುಗಿಯುತ್ತದೆ.

[ದೃಶ್ಯ: ಚೀಲ ಹಲಗೆ ಮೇಲೆ ಜಾರಿ ತೂತಿಗೆ ಬೀಳುತ್ತದೆ.]