ಸೊಟ್ಟ ಸೈಟಿನಲ್ಲಿ ಮನೆ: ಮಾಡಿನ ಖರ್ಚು ಎಲ್ಲಿ ಉಳಿಯುತ್ತದೆ?

ಈಗ ನೀವು ನೋಡುತ್ತಿರುವುದು ತೀರ್ಥಹಳ್ಳಿ ಹತ್ತಿರ ನಾವು ಮನೆ ಕಟ್ಟುತ್ತಿರುವ ಜಾಗ. ಮುಂದೆ ರಸ್ತೆ ತಿರುಗಿದೆ. ಹಿಂದೆ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ಎಡಗಡೆ ಮಳೆನೀರು ಹರಿಯುವ ಕಾಲುವೆ. ರಸ್ತೆ ಕಡೆ ಅಗಲ ಇದೆ, ಹಿಂದೆ ಹೋದ ಹಾಗೆ ಕಿರಿದಾಗುತ್ತದೆ. ಗುಡ್ಡ ಕಡಿದು ಮಾಡಿದ ಜಾಗ, ಚೌಕವಾಗಿ ಎಲ್ಲಿ ಸಿಗಬೇಕು ಅಲ್ವಾ?

ಇಂಥ ಜಾಗದಲ್ಲಿ ಮನೆ ಕಟ್ಟುವ ಬಹಳ ಜನ ಒಂದು ಅಡಿಯೂ ಹಾಳಾಗಬಾರದು ಅಂತ ಗಡಿ ತಿರುಗಿದ ಕಡೆಗೆಲ್ಲ ಗೋಡೆಯನ್ನೂ ತಿರುಗಿಸುತ್ತಾರೆ. ಅಲ್ಲೊಂದು ಮೂಲೆ ಹೊರಗೆ, ಇಲ್ಲೊಂದು ಮೂಲೆ ಒಳಗೆ. ಪ್ಲಾನ್ ಹಾಳೆ ಮೇಲೆ ಚೆನ್ನಾಗೇ ಕಾಣುತ್ತದೆ. ಖರ್ಚು ಗೊತ್ತಾಗುವುದು ಮಾಡು, ಅಂದರೆ ಇಳಿಜಾರು ಛಾವಣಿ, ಕೂರಿಸುವಾಗ.

ಗೋಡೆ ಒಂದು ಸಲ ಒಳಗೆ ತಿರುಗಿತು ಅಂದರೆ ಎರಡು ಮಾಡು ಅಲ್ಲಿ ಸೇರಬೇಕು. ಆ ತಗ್ಗಿಗೆ ಫ್ಯಾಬ್ರಿಕೇಶನ್‌ನವರು ವ್ಯಾಲಿ ಅನ್ನುತ್ತಾರೆ. ಎರಡೂ ಕಡೆಯ ನೀರು ಅದೇ ತಗ್ಗಿಗೆ ಬರುತ್ತದೆ. ಅಲ್ಲಿಗೆ ನೀರು ಹರಿದು ಹೋಗಲು ತಗಡಿನ ದೋಣಿ ಬೇಕು, ಅಕ್ಕಪಕ್ಕದ ಹೆಂಚನ್ನು ಒಂದೊಂದಾಗಿ ಓರೆಗೆ ಕತ್ತರಿಸಬೇಕು, ಕತ್ತರಿಸಿದ ತುಂಡು ಮತ್ತೆಲ್ಲೂ ಉಪಯೋಗಕ್ಕೆ ಬರುವುದಿಲ್ಲ. ಕೂಲಿಯೂ ಜಾಸ್ತಿ. ಆಮೇಲೆ ಹಲಸಿನೆಲೆ, ಮಾವಿನೆಲೆ ಬಿದ್ದು ಕೊಳೆತು ದೋಣಿ ಕಟ್ಟಿಕೊಂಡರೆ ನೀರು ಸೀದಾ ಹೆಂಚಿನ ಅಡಿಗೆ ನುಗ್ಗುತ್ತದೆ. ನಮ್ಮಿಂದ ಸ್ವಲ್ಪ ಮೇಲೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ಮಳೆಯಲ್ಲಿ ಮಾಡು ಹತ್ತಿ ಎಲೆ ತೆಗೆಯುವವರು ಯಾರು?

ನಮ್ಮ ಮೇಸ್ತ್ರಿ ಇದನ್ನು ಬಹಳ ಸುಲಭವಾಗಿ ಹೇಳಿದರು. "ಗೋಡೆ ಬೇಕಾದ್ರೆ ಸೊಟ್ಟ ಇರಲಿ ಮಾರಾಯ್ರೆ, ಮಾಡು ನೆಟ್ಟಗಿರಲಿ."

ನಾವು ಮಾಡಿದ್ದೂ ಅದನ್ನೇ. ಇಡೀ ಮನೆಗೆ ಒಂದೇ ಉದ್ದನೆಯ ಮಾಡು, ಎರಡೇ ಇಳಿಜಾರು, ಅವೆರಡೂ ಮೇಲೆ ಸೇರುವ ನೆತ್ತಿ ಒಂದೇ ನೇರ. ಈ ಗೋಡೆ ನೋಡಿ, ರಸ್ತೆ ತಿರುವಿಗೆ ಸರಿಯಾಗಿ ಓರೆ ಹೋಗಿದೆ. ಆದರೆ ಮೇಲಿನ ಸೂರು, ಅಂದರೆ ಗೋಡೆಯಿಂದ ಆಚೆ ಚಾಚಿದ ಮಾಡಿನ ಅಂಚು, ನೆತ್ತಿಗೆ ಸಮಾನಾಂತರವಾಗಿ ನೇರಕ್ಕೇ ಹೋಗುತ್ತದೆ. ಓರೆ ಗೋಡೆಗೂ ಸೂರಿಗೂ ನಡುವೆ ಉಳಿದ ತ್ರಿಕೋನದ ಜಾಗ ಜಗಲಿ ಆಯಿತು. ಹಿಂದೆ ಧರೆ ಪಕ್ಕ ಉಳಿದ ಮೂಲೆಗೆ ಬಚ್ಚಲು, ಸೌದೆ ಇಡುವ ಜಾಗ. ಅದಕ್ಕೆ ಒಂದೇ ಇಳಿಜಾರಿನ ಶೀಟು ಸಾಕು, ದೊಡ್ಡ ಮಾಡಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಾಲ್ಕೂ ಕಡೆ ಇಳಿಜಾರು ಮಾಡಿದರೆ ಲುಕ್ ಚೆನ್ನಾಗಿರುತ್ತದೆ ಅಂತ ಹೇಳುವವರಿದ್ದಾರೆ. ಒಂದೇ ಅಳತೆಯ ಮನೆ, ಒಂದೇ ಇಳಿಜಾರು ಆದರೆ ಎರಡು ಕಡೆ ಇಳಿಸಿದರೂ ನಾಲ್ಕು ಕಡೆ ಇಳಿಸಿದರೂ ಮಾಡಿನ ವಿಸ್ತೀರ್ಣ ಅಷ್ಟೇ. ವ್ಯತ್ಯಾಸ ಬರುವುದು ನಾಲ್ಕು ಮೂಲೆಯ ಓರೆ ಕತ್ತರಿ, ಮೂಲೆ ಹೆಂಚು, ವೆಲ್ಡಿಂಗ್ ಕೂಲಿ ಇವುಗಳಲ್ಲಿ. ಎರಡು ಇಳಿಜಾರಿಗೆ ತುದಿಯಲ್ಲಿ ತ್ರಿಕೋನ ಗೋಡೆ ಏರಿಸಬೇಕು, ಅದೊಂದು ಖರ್ಚು ಹೌದು. ಆ ಗೋಡೆ ಆದಷ್ಟು ಪಶ್ಚಿಮಕ್ಕೆ ಬರದ ಹಾಗೆ ನೋಡಿಕೊಳ್ಳಿ, ಮುಂಗಾರಿನ ಎರಚಲು ಹೊಡೆಯುವುದು ಆ ಕಡೆಯಿಂದಲೇ.

ಮನೆಯ ಅಗಲವೂ ಮುಖ್ಯ. 900 ಚದರಡಿ ಮನೆಯನ್ನು 30ಕ್ಕೆ 30 ಕಟ್ಟಬಹುದು, 20ಕ್ಕೆ 45 ಕೂಡ ಕಟ್ಟಬಹುದು. 30 ಡಿಗ್ರಿ ಇಳಿಜಾರು ಕೊಟ್ಟರೆ ಮೊದಲನೆಯದರಲ್ಲಿ ನೆತ್ತಿ ಗೋಡೆಯಿಂದ 8.5 ಅಡಿಗೂ ಜಾಸ್ತಿ ಮೇಲೆ ಹೋಗುತ್ತದೆ. ಎರಡನೆಯದರಲ್ಲಿ 6 ಅಡಿಯೂ ಇಲ್ಲ. ಮಾಡು ಹೊರುವ ಚೌಕಟ್ಟು, ಅಂದರೆ ಟ್ರಸ್, ಚಿಕ್ಕದು, ಅದರ ಪೈಪ್ ಹಗುರ, ತ್ರಿಕೋನ ಗೋಡೆಯೂ ಗಿಡ್ಡ. ಸುತ್ತಿನ ಗೋಡೆ 10 ಅಡಿ ಜಾಸ್ತಿ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಿಂದೆ ಕಿರಿದಾಗುವ ಸೈಟಿಗೆ ಉದ್ದ ಮನೆಯೇ ಹೊಂದುತ್ತದೆ.

ಇಳಿಜಾರನ್ನು ಸುಮ್ನೆ ಜಾಸ್ತಿ ಮಾಡಬೇಡಿ. ನೆಲದ ಲೆಕ್ಕದಲ್ಲಿ 1000 ಚದರಡಿ ಮುಚ್ಚಲು 30 ಡಿಗ್ರಿಗೆ ಸುಮಾರು 1155 ಚದರಡಿ ಮಾಡು ಬೇಕು, 45 ಡಿಗ್ರಿಗೆ 1414. ಹೆಂಚಿಗೆ ನಮ್ಮ ಮಳೆಯಲ್ಲಿ 30 ಡಿಗ್ರಿ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ, ಅದಕ್ಕಿಂತ ಇಳಿಸಬೇಡಿ.

ನನಗೆ ತುಂಬಾ ಬೇಜಾರಾಗುವ ವಿಷಯ ಒಂದಿದೆ. ಮೊದಲು ಸಪಾಟು ಆರ್‌ಸಿಸಿ ತಾರಸಿ ಹಾಕಿಸುತ್ತಾರೆ, ಎರಡು ಮಳೆಗಾಲ ಸೋರಿದ ಮೇಲೆ ಅದರ ಮೇಲೆ ಪೈಪ್ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಶಿವಮೊಗ್ಗದಿಂದ ಈ ಕಡೆ ಬರುವಾಗ ರಸ್ತೆ ಬದಿಯಲ್ಲೇ ಎಷ್ಟೊಂದು ಮನೆ ಹೀಗಿವೆ. ಒಂದು ಮನೆಗೆ ಎರಡು ಮಾಡಿನ ದುಡ್ಡು. ಮಹಡಿ ಏರಿಸುವ ಯೋಚನೆ ಇಲ್ಲದಿದ್ದರೆ ಗೋಡೆ ಮೇಲೆ ನೇರವಾಗಿ ಟ್ರಸ್ ಕೂರಿಸಿ.

ಹಳೇ ಹೆಂಚು ಸಿಕ್ಕರೆ ಬಿಡಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮುಂದೆ ಆ ತರಹದ ಹೆಂಚು ಮಲೆನಾಡಿನ ತುಂಬಾ ಬಂತು. ಈಗ ಹಳೇ ಮನೆ ಬಿಚ್ಚುವ ಕಡೆ ಗಟ್ಟಿ ಹೆಂಚು ಕಡಿಮೆ ರೇಟಿಗೆ ಸಿಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಠಣ್ ಅಂದರೆ ಸರಿ, ಬಿರುಕಿದ್ದರೆ ದಪ್ಪ ಶಬ್ದ ಬರುತ್ತದೆ. ಒಂದೇ ಮನೆಯ ಹೆಂಚು ತೆಗೆದುಕೊಳ್ಳಿ, ಬೇರೆ ಬೇರೆ ಕಾರ್ಖಾನೆಯದು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. 100 ಚದರಡಿ ಮಾಡಿಗೆ ಸುಮಾರು 140 ಬೇಕು, ಒಡೆಯುವುದಕ್ಕೆ ಅಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ರೀಪು, ಅಂದರೆ ಹೆಂಚು ಕೂರುವ ಅಡ್ಡಪಟ್ಟಿ, ಹೊಡೆಯುವ ಮೊದಲೇ ಹೆಂಚು ತಂದಿಡಿ, ಯಾಕೆಂದರೆ ರೀಪಿನ ಅಂತರ ಆ ಹೆಂಚಿನ ಅಳತೆಗೇ ಹೊಂದಬೇಕು.

ಖರ್ಚು ಕಡಿಮೆ ಮಾಡಲೇಬಾರದ ಜಾಗ ಸೂರು. ಅದನ್ನು ಒಂದಡಿಗೆ ಇಳಿಸಿದರೆ ಎರಚಲು ಗೋಡೆಗೆ ಹೊಡೆದು ಮನೆಯೊಳಗೆಲ್ಲ ಥಂಡಿ. ನಾವು 3 ಅಡಿ ಬಿಟ್ಟಿದ್ದೇವೆ. ಆದರೆ ಸೂರಿನ ನೀರು ಪಕ್ಕದವರ ಜಾಗಕ್ಕೆ ಬೀಳಬಾರದು, ಸೊಟ್ಟ ಸೈಟಿನಲ್ಲಿ ಒಂದು ಮೂಲೆ ಗಡಿಗೆ ಹತ್ತಿರ ಬಂದೇ ಬರುತ್ತದೆ. ಅಡಿಪಾಯಕ್ಕೆ ದಾರ ಕಟ್ಟುವ ದಿನವೇ ಸೂರಿನ ತುದಿಗೂ ಒಂದು ದಾರ ಕಟ್ಟಿಸಿ ನೋಡಿ. ಆಗಿನ್ನೂ ಗೂಟ ಕಿತ್ತು ಸರಿಸಬಹುದು.