ರಸೀದಿ ಕೊಡೋ ಬಂದೂಕು

ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ. ನಾನು ಬರ್ಕೊಂಡು ಬಂದಿದ್ದು ಬೇರೆ, ಆದ್ರೆ ನನಗಿಂತ ಮುಂಚೆ ಮಾತಾಡಿದ ಹಿರಿಯರು ಸೋಮಾಲಿಯಾಕ್ಕೆ ಇನ್ನೊಂದಿಷ್ಟು ಮಿಲಿಟರಿ, ಇನ್ನೊಂದಿಷ್ಟು ಡ್ರೋನ್ ಕಳಿಸಿದ್ರೆ ಅಲ್ಲಿನ ಉಗ್ರ ಸಂಘಟನೆ ಅಲ್-ಶಬಾಬ್ ಕಥೆ ಮುಗೀತು ಅಂದ್ರಲ್ಲ, ಅದನ್ನ ಕೇಳಿದ್ಮೇಲೆ ಸುಮ್ನಿರೋಕಾಗ್ಲಿಲ್ಲ.

ಸ್ವಾಮಿ, 2007ರಿಂದ ಆಫ್ರಿಕನ್ ಒಕ್ಕೂಟದ ಸೈನ್ಯ ಅಲ್ಲೇ ಇದೆ. ಮೊದ್ಲು ಅಮಿಸಮ್, 2022ರಲ್ಲಿ ಅಟ್ಮಿಸ್, 2025ರಲ್ಲಿ ಔಸಮ್, ಬೋರ್ಡ್ ಮಾತ್ರ ಬದಲಾಗ್ತಾ ಬಂತು. ಶಬಾಬ್‌ನವರನ್ನ 2011ರಲ್ಲೇ ರಾಜಧಾನಿ ಮೊಗದಿಶುವಿಂದ ಓಡಿಸಿದ್ರು, 2012ರಲ್ಲಿ ಕಿಸ್ಮಾಯೊ ಅನ್ನೋ ಬಂದರು ಪಟ್ಟಣವೂ ಅವರ ಕೈತಪ್ಪಿತು, 2014ರಲ್ಲಿ ಅವರ ನಾಯಕ ಗೊದಾನೆ ಅಮೆರಿಕದ ದಾಳಿಯಲ್ಲಿ ಸತ್ತ. ಆ ಜಾಗಕ್ಕೆ ಇನ್ನೊಬ್ಬ ಬಂದು ಕೂತ, ಅಷ್ಟೇ. ಯಾಕೆ ಮುಗೀತಿಲ್ಲ ಹಾಗಾದ್ರೆ?

ಇಲ್ಲಿ ನನ್ನ ಲಾರಿ ಕಥೆ ಹೇಳ್ಬೇಕು, ಮೊದ್ಲೇ ಕೇಳಿದವರು ಕ್ಷಮಿಸಿ. ಮೊಗದಿಶುವಿಂದ ಬೈಡೋವಾಗೆ ಸುಮಾರು 250 ಕಿಲೋಮೀಟರ್. ಎರಡೂ ಊರಲ್ಲಿ ಸರ್ಕಾರ ಇದೆ, ಮಧ್ಯದ ರಸ್ತೆ ಮಾತ್ರ ಬೇರೆಯವರದ್ದು. ಒಬ್ಬ ಡ್ರೈವರ್ ಸಕ್ಕರೆ ಮೂಟೆ ಹೇರ್ಕೊಂಡು ಹೊರಟ ಅಂತ ಇಟ್ಕೊಳ್ಳಿ. ಸರ್ಕಾರಿ ಯೂನಿಫಾರ್ಮ್ ಹಾಕಿದವನು ಅಡ್ಡ ಹಾಕಿ ದುಡ್ಡು ಕೇಳ್ತಾನೆ, ಪಾಪ ಅವನಿಗೆ ಸಂಬಳ ಬಂದು ಎಷ್ಟು ತಿಂಗಳಾಯ್ತೋ. ಸ್ವಲ್ಪ ಮುಂದೆ ಇನ್ನೊಬ್ಬ, ಅದೇ ಯೂನಿಫಾರ್ಮ್, ಮತ್ತೆ ದುಡ್ಡು. ಆಗ್ಲೇ ಕೊಟ್ಟೆ ಸಾರ್ ಅಂದ್ರೆ ಯಾರಿಗೆ ಕೊಟ್ಟೆ ಅಂತಾನೆ, ತೋರಿಸೋಕೆ ಒಂದು ಚೂರು ಕಾಗದ ಇಲ್ಲ. (ಮುಂದಿನ ಸಾಲಲ್ಲಿ ಯಾರೋ ನಗ್ತಿದ್ದೀರಿ, ನಿಮಗೂ ಲಾರಿ ಇದೆಯಾ?) ಆಮೇಲೆ ಶಬಾಬ್ ಗೇಟು. ಅಲ್ಲಿ ಲೋಡು ಏನು, ಲಾರಿ ಎಷ್ಟು ದೊಡ್ಡದು ಅಂತ ನೋಡಿ ಲೆಕ್ಕ ಹಾಕಿ ಒಂದೇ ಸಲ ತಗೊಂಡು ರಸೀದಿ ಬರೆದು ಕೊಡ್ತಾರೆ, ಅವರದೇ ಮುಂದಿನ ಗೇಟಲ್ಲಿ ಆ ರಸೀದಿ ತೋರಿಸಿದ್ರೆ ಹೋಗು ಅಂತಾರೆ.

ನನ್ನ ವಾದ ಇಷ್ಟೇ, ಬಂದೂಕನ್ನ ಬಂದೂಕು ಹೊಡೀಬಹುದು, ಈ ರಸೀದಿ ಪುಸ್ತಕಾನ ಯಾವ ಡ್ರೋನ್ ಹೊಡೆಯುತ್ತೆ? ಮೊಗದಿಶುವಿನ ಹಿರಾಲ್ ಅನ್ನೋ ಸಂಶೋಧನಾ ಸಂಸ್ಥೆ 2020ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಶಬಾಬ್‌ನವರದ್ದು ತಿಂಗಳಿಗೆ ಕನಿಷ್ಠ 1.5 ಕೋಟಿ ಡಾಲರ್ ವಸೂಲಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಗದಿಶುವಿಂದಲೇ, ಅಂದ್ರೆ ಅವರನ್ನ ಓಡಿಸಿಬಿಟ್ವಿ ಅಂದ್ಕೊಂಡಿರೋ ಊರಿಂದ! ಬಂದರಿಗೆ ಮಾಲು ತರಿಸೋ ವ್ಯಾಪಾರಿನೂ ಕಟ್ತಾನೆ.

ಕೋರ್ಟಿನದ್ದೂ ಇದೇ ರಾಗ. 1991ರಲ್ಲಿ ಸಿಯಾದ್ ಬಾರೆ ಸರ್ಕಾರ ಬಿದ್ದಾಗ ಜನ ಮನೆ ಬಿಟ್ಟು ಓಡಿದ್ರು, ಆ ಮನೆಗೆ ಇನ್ಯಾರೋ ಬಂದು ಸೇರ್ಕೊಂಡ್ರು. ಈಗ ಜಾಗದ ತಕರಾರು ಬಂದ್ರೆ ರಾಜಧಾನಿಯಲ್ಲಿರೋರೇ ಊರ ಹೊರಗಿನ ಶಬಾಬ್ ಕೋರ್ಟಿಗೆ ಹೋಗ್ತಾರೆ, ಯಾಕಂದ್ರೆ ಅಲ್ಲಿ ತೀರ್ಪು ಬೇಗ ಬರುತ್ತೆ, ಬಂದಿದ್ದು ಜಾರಿನೂ ಆಗುತ್ತೆ.

ಹೊರಗೆ ಹೋಗಿ ಇವನು ಅವರನ್ನ ಹೊಗಳಿದ ಅನ್ಬೇಡಿ. ಆ ರಸೀದಿ ಬೇಡ ಅಂದವನ ಮನೆಗೆ ಮಾರನೇ ದಿನ ಗುಂಡು ಬರುತ್ತೆ. 2011ರ ಬರಗಾಲದಲ್ಲಿ ಹತ್ತಿರ ಹತ್ತಿರ 2,60,000 ಜನ ಸತ್ರು, ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು, ಆಗ ಅನ್ನ ತಂದ ಎಷ್ಟೋ ಸಂಸ್ಥೆಗಳನ್ನ ಒಳಗೆ ಬಿಡದೇ ಇದ್ದವರು ಇವರೇ. 2017ರ ಅಕ್ಟೋಬರ್ 14ಕ್ಕೆ ಮೊಗದಿಶುವಿನ ಜೋಬೆ ಸರ್ಕಲ್ಲಲ್ಲಿ ಲಾರಿ ಬಾಂಬ್, 587 ಜನ ಸತ್ರು.

ಅಧ್ಯಕ್ಷರು ಚೀಟಿ ಕಳ್ಸಿದ್ದಾರೆ. ರಸೀದಿ ಅಲ್ಲ, ಪುಣ್ಯ! ಐದೇ ನಿಮಿಷ ಅಂತೆ. ಹಾಗಾದ್ರೆ 2006ರಲ್ಲಿ ಇಥಿಯೋಪಿಯಾ ಸೈನ್ಯ ನುಗ್ಗಿದ್ದರಿಂದ ಶಬಾಬ್ ಬೆಳೆದದ್ದು, ಕೀನ್ಯಾದ ವೆಸ್ಟ್‌ಗೇಟ್ ಮಾಲ್, ಗಾರಿಸ್ಸಾ ಕಾಲೇಜಿನ ಮೇಲೆ ಅವರು ಮಾಡಿದ ದಾಳಿ, ಅವರ ಇದ್ದಿಲು ವ್ಯಾಪಾರ, ಎಲ್ಲಾ ಬಿಡ್ತೀನಿ.

ಒಂದು ಮಾತ್ರ ಹೇಳ್ಲೇಬೇಕು. 2022ರಲ್ಲಿ ಮಧ್ಯ ಸೋಮಾಲಿಯಾದ ಹಿರಾನ್ ಕಡೆ ಶಬಾಬ್ ವಿರುದ್ಧ ತಿರುಗಿಬಿದ್ದ ಹಳ್ಳಿಯವರಿಗೆ ಮಾವೀಸ್ಲೆ ಅಂತ ಹೆಸರು. ಮಾವೀಸ್ ಅಂದ್ರೆ ನಮ್ಮ ಲುಂಗಿನೇ, ಲುಂಗಿ ಉಟ್ಟವರು ಅಂತ ಅರ್ಥ. ಶಬಾಬ್‌ನವರು ಒಂಟೆ ಮೇಲೂ ತೆರಿಗೆ ಹಾಕಿ, ಬಾವಿ ಹಾಳು ಮಾಡಿದ್ಮೇಲೆ ಈ ಹಳ್ಳಿಯವರು ತಡ್ಕೊಳ್ಳಲಿಲ್ಲ. ಸೈನ್ಯನೂ ಜೊತೆ ಸೇರ್ತು, ಡಿಸೆಂಬರ್‌ನಲ್ಲಿ ಆದನ್ ಯಬಾಲ್ ಊರು ಸರ್ಕಾರದ ಕೈಗೆ ಬಂತು, ಟೀವಿಯಲ್ಲೆಲ್ಲ ಗೆದ್ದ ಸುದ್ದಿ. 2025ರ ಏಪ್ರಿಲ್‌ನಲ್ಲಿ ಅದೇ ಊರನ್ನ ಶಬಾಬ್ ವಾಪಸ್ ಹಿಡೀತು. ಹಿರಿಯರು ಬೇಜಾರು ಮಾಡ್ಕೋಬಾರ್ದು, ನಾನು ಅವರನ್ನೇ ಕೇಳ್ತೀನಿ, ಮಧ್ಯದ ಆ ಎರಡು ವರ್ಷದಲ್ಲಿ ಅಲ್ಲಿಗೆ ಎಷ್ಟು ಡ್ರೋನ್ ಹೋಗಿರ್ಬಹುದು, ಎಷ್ಟು ಜನ ಜಡ್ಜ್ ಹೋಗಿರ್ಬಹುದು?