ಮಡಚಿದರೆ ಒಳಗು ಕಾಣಬೇಕು

ಕೇಳುಗರಿಗೆ ನಮಸ್ಕಾರ.

ಹೋದ ಕೊಯ್ಲಿನ ಹೊತ್ತಿಗೆ ನನ್ನ ತಂಗಿಯ ಮಗ ಫೋನ್ ಮಾಡಿದ್ದ. ಕೊಡಗಿನ ಸೋಮವಾರಪೇಟೆ ಕಡೆ ಅವನದು ಒಂಟಿ ಮನೆ. ಸುತ್ತ ಕಾಫಿ ತೋಟ, ಪಕ್ಕದ ಮನೆಯ ದೀಪ ಕೂಡ ಕಾಣುವುದಿಲ್ಲ. ಕಣದಲ್ಲಿ ಒಣಗಲು ಹಾಕಿದ್ದ ಕರಿಮೆಣಸು ಒಂದು ರಾತ್ರಿ ಮಾಯವಾಗಿತ್ತು. "ಮಾವ, ಒಂದು ಕೋವಿ ತಗೊಳ್ಳೋಣ ಅಂತಿದ್ದೀನಿ. ಯಾವುದು ತಗೊಳ್ಳಲಿ?" ಎಂದ. ವಿಡಿಯೊ ನೋಡಿ ನೋಡಿ ಅವನ ತಲೆ ತುಂಬ ಅಮೆರಿಕದ ಪಂಪ್ ಆಕ್ಷನ್ ಕೋವಿಗಳೇ, ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವಂಥವು, ತುಂಬಿದ್ದವು. ಅದನ್ನು ಕರಕ್ ಎಂದು ಒಮ್ಮೆ ಎಳೆದರೆ ಸಾಕಂತೆ, ಕಳ್ಳ ಆ ಶಬ್ದಕ್ಕೇ ಓಡಿ ಹೋಗುತ್ತಾನಂತೆ.

"ಮೊದಲು ಲೈಸೆನ್ಸ್ ಮಾಡಿಸೋ, ಆಮೇಲೆ ಶಬ್ದದ ಮಾತು" ಎಂದೆ.

"ಪಕ್ಕದ ಐನ್‌ಮನೆಯವರಿಗೆ ಲೈಸೆನ್ಸೇ ಬೇಡವಲ್ಲ ಮಾವ?" ಎಂದು ಕೇಳಿದ. ಐನ್‌ಮನೆ ಅಂದರೆ ಕೊಡವರ ಕುಟುಂಬದ ಮೂಲಮನೆ. ನಿಜ, ಅವರಿಗೆ ಬೇಡ. ಕೊಡವರಿಗೂ, ಜಮ್ಮಾ ಎಂಬ ಹಳೆಯ ವಂಶಪಾರಂಪರ್ಯ ಹಕ್ಕಿನಲ್ಲಿ ಭೂಮಿ ಹಿಡಿದ ಕೊಡಗಿನವರಿಗೂ 1861ರಿಂದ ಈ ವಿನಾಯಿತಿ ನಡೆದು ಬಂದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನೆ ಹೈಕೋರ್ಟಿಗೂ ಹೋಗಿ, 2021ರಲ್ಲಿ ಅಲ್ಲೂ ಎತ್ತಿಹಿಡಿಯಲಾಯಿತು. ಅಲ್ಲಿ ಕೋವಿ ಅಂದರೆ ಬರೀ ಕಾವಲಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ, ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು. ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಈಡು ಹೊಡೆಯುತ್ತಾರೆ, ಸಾವಾದರೆ ಎರಡು. ನಾವು ಘಟ್ಟದ ಈಚೆಯಿಂದ ಹೋಗಿ ತೋಟ ಮಾಡಿದವರು. ನಮಗೆ ಆ ಹೂವೂ ಇಲ್ಲ, ಆ ವಿನಾಯಿತಿಯೂ ಇಲ್ಲ. ಅರ್ಜಿ ಹಾಕಿ ಕಾಯಬೇಕು ಅಷ್ಟೆ.

ಅರ್ಜಿ ಜಿಲ್ಲಾಧಿಕಾರಿಗೆ. ವಯಸ್ಸು 21 ಆಗಿರಬೇಕು. ಪೊಲೀಸ್ ತನಿಖೆ ನಡೆಯುತ್ತದೆ. 2016ರ ನಿಯಮದಂತೆ ಕೋವಿ ಹಿಡಿಯುವ ತರಬೇತಿಯೂ ಬೇಕು. ಲೈಸೆನ್ಸ್ ಕೈಗೆ ಬಂದರೆ ಐದು ವರ್ಷ ನಡೆಯುತ್ತದೆ. ಕಾಯ್ದೆಯ 13ನೇ ಕಲಮಿನಲ್ಲಿ ಒಂದು ಮಾತಿದೆ. ರಕ್ಷಣೆಗೆ ಅಂತ ಕೇಳುವವರಿಗೆ, ನಳಿಗೆಯ ಒಳಗೆ ಗೀರಿಲ್ಲದ, ಕನಿಷ್ಠ 20 ಅಂಗುಲ ನಳಿಗೆಯ ಕೋವಿಗೆ ಹಾದಿ ಸಲೀಸು. ಬೇರೆ ಬಗೆಯದಕ್ಕೆ ಗಟ್ಟಿ ಕಾರಣ ತೋರಿಸಬೇಕು. ಹಾಗಾಗಿಯೇ ನಮ್ಮ ಕಡೆ ಮೊದಲ ಕೋವಿ ಅಂದರೆ ಹೆಚ್ಚಾಗಿ 12 ಬೋರ್ ತೋಟಾ ಕೋವಿ. ತೋಟಾ ಅಂದರೆ ಕಾರ್ಟ್ರಿಜ್. 12 ಅನ್ನುವುದು ಹಳೆಯ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಒಂದೇ ಗಾತ್ರದ 12 ಗುಂಡು ಮಾಡಿದರೆ, ಒಂದೊಂದು ಎಷ್ಟು ದಪ್ಪವೋ ನಳಿಗೆಯ ತೂತು ಅಷ್ಟು. ಸುಮಾರು ಹದಿನೆಂಟೂವರೆ ಮಿಲಿಮೀಟರ್.

ಸರಿ, ಯಾವ ಕೋವಿ? ನಾನು ಹೇಳಿದ್ದು: ನಡುವೆ ಮಡಚಿ ತೋಟಾ ಹಾಕುವ ಜೋಡಿ ನಳಿಗೆಯದು. ಎರಡೇ ಈಡು ಅಂತ ಅವನ ಮುಖ ಸಣ್ಣಗಾಗಿರಬೇಕು, ಫೋನಿನಲ್ಲೇ ಗೊತ್ತಾಯಿತು. ಇದಕ್ಕೊಂದು ಕತೆಯಿದೆ.

ನಮ್ಮ ಅಪ್ಪನದೂ ಜೋಡಿ ನಳಿಗೆಯೇ. ವಯಸ್ಸಾದ ಮೇಲೆ ಅವರು ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಗೋಡೆಯ ಗೂಟದಲ್ಲಿ ತೂಗಿಕೊಂಡಿತ್ತು. ಒಂದು ಆಯುಧಪೂಜೆಗೆ ಎಣ್ಣೆ ಹಾಕಿ ಒರೆಸೋಣ ಅಂತ ಇಳಿಸಿ ಮಡಚಿದೆ. ಎಡಗಡೆ ನಳಿಗೆಯಲ್ಲಿ ತೋಟಾ ಕೂತಿತ್ತು. ಹಿತ್ತಾಳೆಯ ತಳ ಹಸಿರಾಗಿ ಹೋಗಿತ್ತು. ಎಷ್ಟು ವರ್ಷದಿಂದ ಇತ್ತೋ! ಅದೇ ಗೋಡೆಯ ಕೆಳಗೆ ನಮ್ಮ ಮಕ್ಕಳು ಚೌಕಾಬಾರ ಆಡಿ ಬೆಳೆದವರು. ಮನೆಮಂದಿಯೆಲ್ಲ ಅದು ಖಾಲಿ ಅಂತಲೇ ನಂಬಿದ್ದೆವು. ಒಮ್ಮೆ ಮಡಚಿ ನೋಡಿದ್ದರೆ ಸಾಕಿತ್ತು, ಯಾರೂ ನೋಡಿರಲಿಲ್ಲ.

ಅದಕ್ಕೇ ಹೇಳುವುದು. ಜೋಡಿ ನಳಿಗೆಯನ್ನು ಮಡಚಿದರೆ ಎರಡು ತೂತು, ಆಚೆಯ ಬೆಳಕು. ಕೋವಿ ಗೊತ್ತಿಲ್ಲದ ಅಜ್ಜಿಗೂ ಖಾಲಿಯೋ ತುಂಬಿದೆಯೋ ತಿಳಿಯುತ್ತದೆ. ಪಂಪ್ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಅಡಗಿರುತ್ತವೆ. ಒಂದು ಹೊರಗೆ ಬಿದ್ದರೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಒಳಗೆ ಬಂದು ಕೂತಿರುತ್ತದೆ. ಕೈ ಪಳಗಿದವರಿಗೆ ಅದು ಒಳ್ಳೆಯ ಕೋವಿಯೇ, ನಾನು ಬೇಡ ಅನ್ನುವುದಿಲ್ಲ. ಹೊಸಬನಿಗೆ, ಅದೂ ನಿದ್ದೆಗಣ್ಣಿನಲ್ಲಿ ಏಳುವವನಿಗೆ, ಬೇಡ.

ಆಮೇಲೆ ಮೈಗೆ ಹೊಂದುವ ಮಾತು. ಕೋವಿಯ ಹಿಂಬದಿಯ ಮರವನ್ನು ಮೊಣಕೈಯ ಒಳಮಡಿಕೆಗೆ ಒತ್ತಿ ಹಿಡಿಯಿರಿ. ತೋರುಬೆರಳು ಟ್ರಿಗರಿಗೆ ಆರಾಮಾಗಿ ಸಿಗಬೇಕು. ಎಟುಕದಿದ್ದರೆ ಮರ ಉದ್ದವಾಯಿತು ಅಂತ. ಮನೆಯಲ್ಲಿ ಹೆಂಡತಿಗೂ ಲೈಸೆನ್ಸ್ ಮಾಡಿಸುವುದಿದ್ದರೆ ಅವಳ ಕೈಯಲ್ಲೇ ಮೊದಲು ಅಳೆದು ನೋಡಿ. ಮೂರು ಕೆ.ಜಿ. ಆಸುಪಾಸಿನ ತೂಕ ಸರಿ. ತೀರ ಹಗುರ ಬೇಡ. ಕೋವಿ ಹಗುರವಾದಷ್ಟೂ ಹೆಗಲಿಗೆ ಒದೆ ಜಾಸ್ತಿ.

ಹಳೆಯ ಕೋವಿ ಕೊಳ್ಳುವವರು ತುಂಬ ಜನ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಮೊದಲು ಕಿವಿಯ ಪರೀಕ್ಷೆ. ಅಂಗಡಿಯವರಿಗೆ ಹೇಳಿ ಜೋಡಿ ನಳಿಗೆಯನ್ನು ಬಿಡಿಸಿ, ಕೊಕ್ಕೆಯಿಂದ ತೂಗಿಸಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಗಂಟೆ ಹೊಡೆದ ಹಾಗೆ ಟಂಣ್ ಎಂದು ಎಳೆದು ಕೇಳಿಸಬೇಕು. ಒಡಕು ಮಡಕೆಯ ಹಾಗೆ ಜೊರಜೊರ ಅಂದರೆ ಎರಡು ನಳಿಗೆಯ ನಡುವಿನ ಬೆಸುಗೆ ಬಿಟ್ಟಿರಬಹುದು. ಈ ಶಬ್ದ ಕೇಳಿಸೋಕೆ ಬಾನುಲಿಗಿಂತ ಒಳ್ಳೆಯ ಜಾಗ ಇಲ್ಲ. ಆದರೆ ಕೋವಿ ಹಿಡಿದು ಬಂದರೆ ನನ್ನನ್ನು ಸ್ಟುಡಿಯೊ ಒಳಗೆ ಬಿಡುತ್ತಿದ್ದರಾ?

ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆ ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಮಾಡಿದ ಹಳೆಯ ಕಾಲದ ನಳಿಗೆ. ಕರಿಮದ್ದಿನ ಕಾಲಕ್ಕೆ ಸರಿ. ಈಗಿನ ತೋಟಾ ಹಾಕಬೇಡಿ, ಗೋಡೆಯ ಮೇಲಿರಲಿ.

ಇನ್ನೊಂದು, ಯಾರೂ ಹೇಳದೆ ಬಿಡುವಂಥದ್ದು. ಹಳೆಯ ಕೋವಿಗಳಲ್ಲಿ ತೋಟಾ ಕೂರುವ ಮನೆ 65 ಮಿಲಿಮೀಟರಿನದು ಇರುತ್ತದೆ, ಹೊಸತರಲ್ಲಿ 70. ಡಬ್ಬಿಯ ಮೇಲೆ ಬರೆದಿರುವ 70 ಅನ್ನುವುದು ತೋಟಾ ಸಿಡಿದು, ಮಡಿಸಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಸಿಡಿಯುವ ಮೊದಲು ಅದು ಗಿಡ್ಡ, 65ರ ಕೋವಿಯಲ್ಲೂ ಸುಮ್ನೆ ಕೂತುಬಿಡುತ್ತದೆ. ಸಿಡಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ಕೂತಿತು ಅಂದ ಮಾತ್ರಕ್ಕೆ ಅದು ಸರಿಯಾದ ತೋಟಾ ಅಲ್ಲ.

"ಚರೆ ಹರಡುತ್ತಲ್ಲ, ಗುರಿ ಯಾಕೆ ಬೇಕು?" ಎಂದೂ ಹುಡುಗ ಕೇಳಿದ. ಚರೆ ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು. ಹರಡುತ್ತದೆ, ದೂರ ಹೋದ ಮೇಲೆ. ಮನೆಯೊಳಗೆ ಹತ್ತು ಹದಿನೈದು ಅಡಿಯಲ್ಲಿ ಚರೆಯೆಲ್ಲ ಒಂದೇ ಮುಷ್ಟಿಯಾಗಿ ಹೋಗುತ್ತದೆ. ಎಲ್‌ಜಿ, ಎಸ್‌ಜಿಯಂಥ ದಪ್ಪ ಚರೆಯಾದರೆ ನಮ್ಮ ಮನೆಗಳ ಹಲಗೆ ಗೋಡೆ ಅದಕ್ಕೆ ಲೆಕ್ಕವೇ ಅಲ್ಲ. ಆಚೆ ಕೋಣೆಯಲ್ಲಿ ಯಾರು ಮಲಗಿದ್ದಾರೆ ಎಂದು ಗೊತ್ತಿರಬೇಕು. ಕತ್ತಲಲ್ಲಿ ಕಂಡ ನೆರಳು ಹಟ್ಟಿಗೆ ಎದ್ದು ಹೋದ ಭಾವನದೂ ಆಗಿರಬಹುದು. ಕೋವಿಯ ದುಡ್ಡಿನ ಜೊತೆಗೆ ಒಂದು ಒಳ್ಳೆಯ ಟಾರ್ಚಿಗೂ ದುಡ್ಡು ಎತ್ತಿಡಿ.

ಮೆಣಸು ಕದ್ದು ಓಡುವವನ ಬೆನ್ನಿಗೆ ಈಡು ಹೊಡೆಯುವ ಹಕ್ಕು ನಿಮಗಿಲ್ಲ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಆತ್ಮರಕ್ಷಣೆಯ ಮಾತು ಅದರ 34ರಿಂದ 44ರ ಕಲಮುಗಳಲ್ಲಿದೆ. ಜೀವಕ್ಕೆ ಅಪಾಯ ಬಂದಾಗ, ದರೋಡೆ ನಡೆದಾಗ, ಕತ್ತಲಾದ ಮೇಲೆ ಮನೆ ಒಡೆದು ನುಗ್ಗಿದಾಗ ಹಕ್ಕು ದೊಡ್ಡದು. ಆಗಲೂ ಬೇಕಾದಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ. ಪೊಲೀಸರಿಗೆ ತಿಳಿಸಲು ಸಮಯವಿದ್ದರೆ ಆ ಹಕ್ಕೂ ಇಲ್ಲ. ಕಣದ ಮೂಟೆಗೆ ಒಂದು ಜೀವ ತೆಗೆಯಲು ಯಾವ ಕಲಮೂ ಒಪ್ಪುವುದಿಲ್ಲ.

ಇಡುವ ಜಾಗ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರು. ತೋಟಾ ಬೇರೆ ಕಡೆ, ಬೇರೆ ಬೀಗ. ಗೂಟದಲ್ಲಿ ಮಾತ್ರ ತೂಗಬೇಡಿ, ಅದರ ಕತೆ ಕೇಳಿದಿರಲ್ಲ.

ಹುಡುಗನ ಅರ್ಜಿ ಇನ್ನೂ ತನಿಖೆಯಲ್ಲಿದೆ. ಅಷ್ಟರೊಳಗೆ ಕಣಕ್ಕೆ ಎರಡು ದೊಡ್ಡ ದೀಪ ಹಾಕಿಸಿದ್ದಾನೆ, ಹಿಂಬಾಗಿಲಿಗೆ ಅಡ್ಡಪಟ್ಟಿ ಕೂರಿಸಿದ್ದಾನೆ, ಒಂದು ನಾಯಿಯನ್ನೂ ತಂದಿದ್ದಾನೆ. ಮೊನ್ನೆ ನಾನು ಹೋದಾಗ ಗೇಟು ತೆಗೆಯುವ ಮೊದಲೇ ಆ ನಾಯಿ ಇಡೀ ತೋಟಕ್ಕೆ ಕೇಳುವ ಹಾಗೆ ಬೊಗಳಿತು. ಅವನು ಹೊರಗೆ ಬಂದು, "ಮಾವ, ಇದಕ್ಕೆ ಲೈಸೆನ್ಸೂ ಬೇಡ ನೋಡಿ" ಎಂದು ನಕ್ಕ.

ನಮಸ್ಕಾರ.